ಮೂರು ಬಳೆಯ ಕ್ಯಾಮೆರಾ

ದೊಡ್ಡ ನಂಬರಿಗೆ ಸಣ್ಣ ಕಿಂಡಿ, ಸಣ್ಣ ನಂಬರಿಗೆ ದೊಡ್ಡ ಕಿಂಡಿ. ಈ ಲೆಕ್ಕ ಕಟ್ಟಿದವನ ಅಡುಗೆಮನೆಯಲ್ಲಿ ದೊಡ್ಡ ಸೌಟಿಗೆ ಕಡಿಮೆ ಸಾರು ಬರುತ್ತಿತ್ತೋ ಏನೋ. ನನ್ನ ಗಂಡ ಆ ಕ್ಯಾಮೆರಾವನ್ನು ಮೊದಲ ಸಲ ನನ್ನ ಕೈಗಿಟ್ಟು ಪಾಠ ಹೇಳಿದ ಸಂಜೆ ನಾನು ಹೀಗೆಂದಾಗ ಅವರು ನಕ್ಕಿದ್ದರು. ವರ್ಷ ತಿರುಗುವುದರೊಳಗೆ ಅದೇ ಲೆಕ್ಕ ನನ್ನನ್ನು ಅಳಿಸಿತು.

ಅವರು ಮಿಲಿಟರಿಯಲ್ಲಿದ್ದರು. ಹೊರದೇಶದ ಡ್ಯೂಟಿ ಮುಗಿಸಿ ಬಂದಾಗ ಟ್ರಂಕಿನಲ್ಲಿ ಕ್ಯಾಮೆರಾ ಬಂತು, ಜೊತೆಗೆ ಹಳದಿ ಡಬ್ಬಿಗಳಲ್ಲಿ ಮೂರು ರೋಲು. ಕ್ಯಾಮೆರಾದ ಮೂತಿಯ ಸುತ್ತ ಮೂರು ಬಳೆಗಳಿದ್ದವು. ಒಂದು ಬಳೆ ಬೆಳಕು ಒಳಗೆ ಬಿಡುವ ಕಿಂಡಿಗೆ, ಒಂದು ವೇಗಕ್ಕೆ, ಇನ್ನೊಂದು ದೂರಕ್ಕೆ. ಒಂದನ್ನು ತಿರುಗಿಸಿದರೆ ಮತ್ತೊಂದು ತಪ್ಪುತ್ತದೆ. "ಬಿಸಿಲಿದ್ದರೆ ಹನ್ನೊಂದು, ಮೋಡವಿದ್ದರೆ ಎಂಟು, ಮರದ ನೆರಳಿದ್ದರೆ ಇನ್ನೂ ಇಳಿಸು" ಎಂದು ಬಾಯಿಪಾಠ ಮಾಡಿಸಿದರು. ಎಸ್ಟೇಟಿನ ನಡುವೆ ಮನೆ ಇರುವವರಿಗೆ ಬಿಸಿಲು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಎಂದು ಹೇಳುವವರು ಯಾರು? ನಮ್ಮ ಅಂಗಳದಲ್ಲಿ ಒಂದೇ ಮಗುವಿನ ಒಂದು ಕೆನ್ನೆ ಹನ್ನೊಂದು, ಇನ್ನೊಂದು ಕೆನ್ನೆ ನಾಲ್ಕು.

ಮಗು ಎಂದೆನಲ್ಲ, ಅವಳು ಹುಟ್ಟುವುದಕ್ಕೆ ಮೊದಲೇ ಅವರ ರಜೆ ಮುಗಿದಿತ್ತು. ಅವರು ಹೊರಟದ್ದು ಗಡಿಯ ಕಡೆಗೆ. ಮಗಳ ಮುಖ ಅವರು ನೋಡಿರಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗಲೇ ಕೆಲವು ವರ್ಷವಾಗಿತ್ತು. ನನ್ನ ಮಾವ ಮಾತ್ರ ಇನ್ನೂ ಮೈಸೂರಿನವರೆಂದರೆ ಬೇರೆ ದೇಶದವರು ಎನ್ನುವ ಹಾಗೆ ಮಾತಾಡುತ್ತಿದ್ದರು. ಕಕ್ಕಬೆಯಿಂದ ಮೇಲಕ್ಕೆ, ಬೆಟ್ಟದ ಬುಡದಲ್ಲಿ ನಮ್ಮ ಮನೆ. ಅತ್ತೆ ನಾನು ಬರುವುದಕ್ಕೆ ಮೊದಲೇ ತೀರಿಹೋಗಿದ್ದರು. ಗಂಡ ಹೋದ ಮೇಲೆ ಮನೆಯಲ್ಲಿ ಉಳಿದವರು ಮಾವ, ನಾನು ಮತ್ತು ಹೊಟ್ಟೆಯಲ್ಲಿದ್ದು ಆಮೇಲೆ ತೊಟ್ಟಿಲಿಗೆ ಬಂದ ಮಗಳು. ನಮ್ಮಲ್ಲಿ ಮಾವ ಸೊಸೆ ಎದುರೆದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಮಗು ಹುಟ್ಟಿದ ಮೇಲೆ ಇಬ್ಬರಿಗೂ ಅನುಕೂಲವಾಯಿತು. ಅವರು ಮಾತಿನ್ನೂ ಬಾರದ ಮಗುವಿಗೆ ಹೇಳುತ್ತಿದ್ದರು, "ಕೂಸೇ, ನಿನ್ನ ಅವ್ವಂಗೆ ಹೇಳ್, ಇಂದ್ ಸಾರಿಗೆ ಉಪ್ಪು ಜಾಸ್ತಿ ಉಟ್ಟು." ನಾನೂ ಮಗುವಿಗೇ ಉತ್ತರ ಕೊಡುತ್ತಿದ್ದೆ. ಹೀಗೆ ಅವಳು ಹಲ್ಲು ಬರುವ ಮೊದಲೇ ನಮ್ಮ ಮನೆಯ ವಕೀಲಳಾದಳು.

ಮಾವ ಆ ಕಡೆಗೆಲ್ಲ ಹೆಸರು ಮಾಡಿದ ಗುರಿಕಾರ. ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ದಿನ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಅವರ ಸರದಿ ಬಂದರೆ ಉಳಿದವರು ಸುಮ್ಮನೆ ಕೋವಿ ಇಳಿಸುತ್ತಿದ್ದರು. ಮನೆಯಲ್ಲಿ ಅವರದ್ದು ಒಂದು ಕಟ್ಟುನಿಟ್ಟು. ಹೊರಗಿನಿಂದ ಬಂದ ಕೋವಿ, ಯಾರದ್ದೇ ಆಗಿರಲಿ, ನೆಂಟರದ್ದೇ ಆಗಿರಲಿ, ಅಂಗಳದಲ್ಲೇ ಮುರಿದು, ಎಂದರೆ ನಳಿಗೆಯ ಬುಡದಲ್ಲಿ ಬಗ್ಗಿಸಿ, ತೆರೆಯಬೇಕು. ಒಳಗೆ ಬೆರಳು ಹಾಕಿ ನೋಡಬೇಕು, ನಳಿಗೆಯನ್ನು ಆಕಾಶಕ್ಕೆ ಹಿಡಿದು ಬೆಳಕು ಕಾಣಬೇಕು. ಆಮೇಲೆಯೇ ಜಗಲಿಯ ಗೂಟಕ್ಕೆ. "ಮುರ್ದ್ ನೋಡ್ದೆ ಯಾವುದೂ ಒಳಗೆ ಬಾಕೆ ಇಲ್ಲೆ" ಎಂಬುದು ಅವರ ಮಾತು.

ಆ ವರ್ಷದ ಕೈಲ್ ಮುಹೂರ್ತ ಮುಗಿದ ಮೇಲೆ ಗಂಡನ ಕಾಗದ ಬಂತು. ಕಾವೇರಿ ಸಂಕ್ರಮಣದ ಹೊತ್ತಿಗೆ ತಮ್ಮನ್ನು ಇನ್ನೂ ಮೇಲಕ್ಕೆ ಕಳಿಸುತ್ತಾರೆ, ಅಲ್ಲಿಗೆ ಟಪಾಲು ಬರುತ್ತದೋ ಇಲ್ಲವೋ ಗೊತ್ತಿಲ್ಲ, ಅಷ್ಟರೊಳಗೆ ಕೂಸಿನ ಫೋಟೊ ಒಂದು ಕಳಿಸು ಎಂದು ಬರೆದಿದ್ದರು. ಮುಖ ನೋಡಿಕೊಂಡು ಹೋಗುತ್ತೇನೆ ಎಂದಿದ್ದರು. ಆ ಕೊನೆಯ ಸಾಲನ್ನು ನಾನು ಮಾವನಿಗೆ ಓದಿ ಹೇಳಲಿಲ್ಲ. ರೇಡಿಯೋದಲ್ಲಿ ದಿನಾ ಗಡಿಯ ಸುದ್ದಿ ಬರುತ್ತಿತ್ತು. ಮಾವ ಅದನ್ನು ಕೇಳುತ್ತ ಕೋವಿಗೆ ಎಣ್ಣೆ ಹಚ್ಚುತ್ತಿದ್ದರು.

ವಿರಾಜಪೇಟೆಯ ಸ್ಟುಡಿಯೋಗೆ ಮಗುವನ್ನು ಕರೆದುಕೊಂಡು ಹೋಗಿದ್ದರೆ ಒಂದೇ ದಿನದ ಕೆಲಸ. ಆದರೆ ಅವಳಿಗೆ ನಾಯಿಕೆಮ್ಮು. ಕೆಮ್ಮಿ ಕೆಮ್ಮಿ ಮುಖ ನೀಲಿಯಾಗುತ್ತಿತ್ತು. ಬಸ್ಸು ಹತ್ತಿಸಲೇಬೇಡಿ, ನಾಲ್ಕು ಜನರ ನಡುವೆ ಒಯ್ಯಬೇಡಿ ಎಂದು ಡಾಕ್ಟರು ಹೇಳಿದ್ದರು. ಸರಿ, ಮನೆಯಲ್ಲೇ ಕ್ಯಾಮೆರಾ ಇದೆಯಲ್ಲ, ನಾನೇ ತೆಗೆಯುತ್ತೇನೆ ಎಂದುಕೊಂಡೆ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಬೆಳಿಗ್ಗೆ ಮಗುವಿಗೆ ಕೆಮ್ಮು ಸ್ವಲ್ಪ ತಗ್ಗಿದಾಗ ಅಂಗಳಕ್ಕೆ ತಂದು ಕೂರಿಸುತ್ತಿದ್ದೆ. ದೂರ ಅಳೆಯಲು ಒಂದು ಹಗ್ಗಕ್ಕೆ ಅಡಿ ಅಡಿಗೂ ಗಂಟು ಹಾಕಿಟ್ಟಿದ್ದೆ. ಒಂದು ತುದಿ ಅವಳ ಮೂಗಿನ ಹತ್ತಿರ, ಇನ್ನೊಂದು ನನ್ನ ಮೂಗಿನ ಹತ್ತಿರ. ಹಗ್ಗ ಕಂಡ ಕೂಡಲೇ ಅವಳು ಅದನ್ನು ಬಾಯಿಗೆ ಹಾಕುತ್ತಿದ್ದಳು. ಹಗ್ಗ ಬಿಡಿಸಿ, ದೂರದ ಬಳೆ ತಿರುಗಿಸಿ, ಆಕಾಶ ನೋಡಿ, ಕಿಂಡಿಯ ಬಳೆ ತಿರುಗಿಸಿ, ವೇಗ ಸರಿ ಮಾಡಿ ಕಣ್ಣಿಡುವ ಹೊತ್ತಿಗೆ ಮಗು ಅಂಬೆಗಾಲಿಟ್ಟು ನನ್ನ ಸೆರಗಿನ ಬಳಿಗೇ ಬಂದಿರುತ್ತಿತ್ತು. ಅಷ್ಟರಲ್ಲಿ ಮೋಡವೂ ಬಂದಿರುತ್ತಿತ್ತು. ಮತ್ತೆ ಮೊದಲಿನಿಂದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಒಂದು ಸಲವಂತೂ ಆ ಕ್ಯಾಮೆರಾವನ್ನು ಎತ್ತಿ ಕಾಫಿ ಗಿಡದ ಬುಡಕ್ಕೆ ಎಸೆಯುವಷ್ಟು ರೇಗಿತು. ಗಂಡನ ಕೈ ಸವರಿದ ವಸ್ತು ಎಂದು ಸುಮ್ಮನಾದೆ.

ಮಾವ ಜಗಲಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. "ಕೂಸೇ, ನಿನ್ನ ಅವ್ವಂಗೆ ಹೇಳ್, ಉಸ್ರು ಕಟ್ಟಿ ಒತ್ತೊಕು. ಗುರಿ ಇಡುವಾಗ ಉಸ್ರು ಬಿಡ್ಬಾರ್ದ್." ನಾನು ಉಸಿರು ಕಟ್ಟಿ ಒತ್ತುತ್ತಿದ್ದೆ. ಮುಗಿದ ಮೇಲೆ ಕ್ಯಾಮೆರಾವನ್ನು ಜಗಲಿಯ ಕಟ್ಟೆಯ ಮೇಲಿಟ್ಟು ಮಗುವನ್ನು ಬಚ್ಚಲಿಗೆ ಒಯ್ಯುತ್ತಿದ್ದೆ. ತಿರುಗಿ ಬರುವಾಗ ಅದು ಕೋವಿಗಳ ಪಕ್ಕದ ಗೂಟದಲ್ಲಿ ನೇತಾಡುತ್ತಿತ್ತು. ಮಾವನ ಅಚ್ಚುಕಟ್ಟು ನೋಡಿ ಒಳಗೊಳಗೇ ಸಂತೋಷವಾಗುತ್ತಿತ್ತು.

ಮೊದಲ ರೋಲನ್ನು ನಾನೇ ವಿರಾಜಪೇಟೆಗೆ ಒಯ್ದೆ. ಪಕ್ಕದ ಮನೆಯಾಕೆ ಬಂದು ಮಗುವನ್ನು ನೋಡಿಕೊಂಡಳು. ಸ್ಟುಡಿಯೋದವರು ಮಾಕುಟ್ಟದ ಘಟ್ಟದ ಆಚೆ, ಮಲಯಾಳ ಸೀಮೆಯಿಂದ ಬಂದು ನೆಲೆಸಿದವರು. ಅವರ ಕನ್ನಡದಲ್ಲಿ ಮಲಯಾಳ ಅರ್ಧಕ್ಕರ್ಧ. ಅವರು ಕತ್ತಲ ಕೋಣೆಯಿಂದ ಉದ್ದನೆಯ ಫಿಲ್ಮನ್ನು ಹಿಡಿದು ಬಂದಾಗ ಅದು ಮಸಿ ಬಳಿದ ಪಟ್ಟಿಯ ಹಾಗಿತ್ತು.

"ಎಲ್ಲಾ ಕರ್ಪು ಚೇಚಿ. ಲೈಟ್ ಹೊಡ್ದಿದೆ" ಎಂದರು. ಅಕ್ಕ ಎನ್ನುವುದು ಅವರ ಬಾಯಲ್ಲಿ ಚೇಚಿ.

"ಬೆಳಕು ಜಾಸ್ತಿಯಾಯಿತೇ?"

"ಜಾಸ್ತಿ ಅಂದ್ರೆ ಜಾಸ್ತಿ. ಹಿಂದೆ ಬಾಗ್ಲು ತೆಗ್ದಿದ್ದೀರಾ ನೀವು?"

ನನಗೆ ಸಿಟ್ಟು ಬಂತು. ಅಷ್ಟೂ ತಿಳಿಯದವಳೇ ನಾನು? ರೋಲು ತುಂಬಿದ ಮೇಲೆ ಹಿಂದಿನ ಬಾಗಿಲು ತೆರೆಯಬಾರದು ಎಂಬುದು ನನ್ನ ಗಂಡ ಹೇಳಿಕೊಟ್ಟ ಮೊದಲನೆಯ ಪಾಠ. ಇಲ್ಲ ಎಂದು ಖಾರವಾಗಿಯೇ ಹೇಳಿದೆ. "ಎನ್ನಾಲ್, ಹಾಗಾದ್ರೆ ಕಿಂಡಿ ಸಣ್ಣ ಮಾಡಿ, ವೇಗ ಜಾಸ್ತಿ ಇಡಿ" ಎಂದು ಅವರು ಫಿಲ್ಮನ್ನು ಸುತ್ತಿಕೊಟ್ಟರು.

ಕಿಂಡಿ ಸಣ್ಣ ಮಾಡಿದೆ. ವೇಗ ಏರಿಸಿದೆ. ಎರಡನೆಯ ರೋಲು ಪೂರ್ತಿ ಹಾಗೇ ತೆಗೆದೆ. ಅದೂ ಮಸಿ. ಈ ಸಲ ಸ್ಟುಡಿಯೋದವರು ಕ್ಯಾಮೆರಾವನ್ನೇ ತಿರುಗಿಸಿ ತಿರುಗಿಸಿ ನೋಡಿ, ಎಲ್ಲೋ ತೂತು ಇರಬೇಕು, ಇಲ್ಲೇ ಬಿಟ್ಟು ಹೋಗಿ, ನೋಡೋಣ ಎಂದರು. ಬಿಟ್ಟು ಹೋಗಲು ದಿನಗಳೆಲ್ಲಿದ್ದವು? ಸಂಕ್ರಮಣ ಹತ್ತಿರ ಬಂದಿತ್ತು. ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಗೆ ಮುಖ ಹಾಕಿ ಅತ್ತೆ. ಮನೆ ಮುಟ್ಟಿದಾಗ ಮಾವ ಮಗುವಿಗೆ ಹೇಳಿದರು, "ನಿನ್ನ ಅವ್ವನ ಕೇಳ್, ಫೋಟೊ ಬಾತಾ ಅಂತ." ಇಲ್ಲ ಎಂದೆ. ನನ್ನ ಕೈಯಲ್ಲಿ ಒಂದು ಸರಿಯಾದ ಚಿತ್ರವನ್ನು ಹಿಡಿಯುವ ಯೋಗ್ಯತೆ ಇಲ್ಲ ಎಂದು ಮಗುವಿನ ಕಿವಿಯಲ್ಲಿ ಹೇಳಿದೆ. ಅದೂ ಅವರಿಗೆ ಕೇಳಿಸಿರಬೇಕು. ಆ ದಿನ ಅವರು ಸಾರಿನ ಬಗ್ಗೆ ಏನೂ ಹೇಳಲಿಲ್ಲ.

ಉಳಿದದ್ದು ಒಂದೇ ರೋಲು. ತೂತಿನ ಭಯಕ್ಕೆ ಕ್ಯಾಮೆರಾವನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟೆ. ಕಿಂಡಿ ಎಷ್ಟು, ವೇಗ ಎಷ್ಟು, ಯಾವುದು ಸರಿ ಎಂದು ಹೇಳಲು ನನ್ನ ಹತ್ತಿರ ಒಂದೇ ಒಂದು ಚಿತ್ರವೂ ಇರಲಿಲ್ಲ. ತಪ್ಪಾದ ಚಿತ್ರವಾದರೂ ಇದ್ದಿದ್ದರೆ ನೋಡಿ ತಿದ್ದಿಕೊಳ್ಳಬಹುದಿತ್ತು. ಕುರುಡು ಕೈಯಲ್ಲಿ ಹುಳಿ ಉಪ್ಪು ಹಾಕಿದ ಹಾಗೆ ಬಳೆ ತಿರುಗಿಸುತ್ತಿದ್ದೆ. ಮಾರನೆಯ ದಿನ ಬೆಳಗಿನ ಬಸ್ಸಿಗೆ ರೋಲು ಹೋಗದಿದ್ದರೆ ಫೋಟೊ ಅವರಿಗೆ ಮುಟ್ಟುವ ಆಸೆ ಬಿಟ್ಟಂತೆಯೇ, ಅಂಥ ದಿನ ಮಧ್ಯಾಹ್ನ ಬಿಸಿಲು ಚೆನ್ನಾಗಿ ಬಂತು. ಮಗಳು ಜಗಲಿಯ ಕಂಬ ಹಿಡಿದು ಮೊದಲ ಸಲ ಎದ್ದು ನಿಂತಳು. ನಿಂತು ನನ್ನನ್ನು ನೋಡಿ ನಕ್ಕಳು. ಹಗ್ಗವಿಲ್ಲದೆ ದೂರ ಅಂದಾಜು ಮಾಡಿ ಒಂದಾದ ಮೇಲೊಂದು ತೆಗೆದೆ. ಈ ಸಲ ಬಂದೇ ಬರುತ್ತದೆ ಎಂದು ಒಳಗಿನಿಂದ ಯಾರೋ ಹೇಳಿದಂತಾಯಿತು. ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟೆಯ ಮೇಲಿಟ್ಟು ಅವಳನ್ನು ಎತ್ತಿಕೊಂಡು ಬಚ್ಚಲಿಗೆ ನಡೆದೆ.

ಟವಲು ಹೊರಗೆ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಉಳಿದುಹೋಗಿತ್ತು. ಮಗುವನ್ನು ಬಚ್ಚಲಲ್ಲೇ ಕೂರಿಸಿ, ಅದನ್ನು ತರಲೆಂದು ಮನೆಯ ಮೂಲೆ ತಿರುಗಿದೆ. ಅಂಗಳದ ನಡುವೆ ಮಾವ ನಿಂತಿದ್ದರು. ಕಪ್ಪು ಬಟ್ಟೆ ಅವರ ಹೆಗಲ ಮೇಲಿತ್ತು. ಕ್ಯಾಮೆರಾದ ಹಿಂದಿನ ಬಾಗಿಲು ಪೂರ್ತಿ ತೆರೆದಿತ್ತು. ಅದನ್ನು ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಒಳಗೆ ತಡವಿ ನೋಡುತ್ತಿದ್ದರು. ಬಿಸಿಲು ನೇರವಾಗಿ ಅದರೊಳಗೆ ಬೀಳುತ್ತಿತ್ತು.

"ಮಾವ, ಅದ್ರ ಮುಚ್ಚಿ" ಎಂದೆ. ಮಗುವಿಗೆ ಹೇಳಲಿಲ್ಲ, ನೇರವಾಗಿ ಅವರಿಗೇ ಹೇಳಿದೆ.

ಅವರು ಗಾಬರಿಯಿಂದ ಮುಚ್ಚಿದರು. "ಖಾಲಿ ಉಟ್ಟಾ ಅಂತ ನೋಡ್ದೆ" ಎಂದರು. "ದಿನಾ ನೋಡ್ನೆ. ಇದ್ರೊಳಗೆ ಮದ್ದ್ ಇದ್ದದೆ ಅಲಾ? ನಂಟರ ಮದುವೆಲಿ ಫೋಟೊದಂವ ಬೆಳಕಿಗೆ ಅಂತ ಮದ್ದ್ ಹೊತ್ತಿಸಿ ಒಬ್ಬನ ಹುಬ್ಬೇ ಸುಟ್ಟಿತ್ತ್. ಕೂಸ್ ಇರುವ ಮನೆ. ತುಂಬಿದ್ದ್ ಒಳಗೆ ಬಂದರೆ ಹೆಂಗೆ?"

ದಿನಾ. ಆ ಒಂದು ಮಾತು ಕೇಳಿ ಎರಡೂ ರೋಲುಗಳು ನನ್ನ ಕಣ್ಣ ಮುಂದೆ ಬಿಚ್ಚಿಕೊಂಡವು. ಕಿಂಡಿಯೂ ತಪ್ಪಿರಲಿಲ್ಲ, ವೇಗವೂ ತಪ್ಪಿರಲಿಲ್ಲ, ಕ್ಯಾಮೆರಾಕ್ಕೆ ತೂತೂ ಇರಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಾವ ಎಂಬುದು ಮರೆತೇಹೋಯಿತು. "ಇದ್ ಕೋವಿ ಅಲ್ಲ ಮಾವ. ಇದ್ರೊಳಗೆ ಮದ್ದಿಲ್ಲೆ. ಇದ್ರೊಳಗೆ ಇದ್ದದ್ ಕೂಸು. ಬಿಸಿಲ್ ಬಿದ್ದರೆ ಅದ್ ಅಳ್ಸಿ ಹೋದೆ. ಅವಳ್ ಇಂದ್ ಎದ್ದ್ ನಿಂತದ್, ನಕ್ಕದ್, ಎಲ್ಲಾ ಹೋತ್. ನಿಮ್ಮ ಮಗ ಮುಖ ನೋಡ್ಕಂಡ್ ಹೋನೆ ಅಂತ ಕಾಗದಲಿ ಬರ್ದಿತ್ತ್. ಇನ್ನ್ ಎಂತ ಕಳ್ಸೊದು?"

ಓದದೆ ಮುಚ್ಚಿಟ್ಟಿದ್ದ ಸಾಲು ಹೀಗೆ ಬಾಯಿಂದ ಬಿದ್ದುಹೋಯಿತು. ಬಚ್ಚಲಿನಲ್ಲಿ ಮಗು ಕೂಗತೊಡಗಿತ್ತು.

"ನಂಗೆ ಗೊತ್ತೇ ಇತ್ತಿಲ್ಲೆ" ಎಂದರು ಮಾವ. "ಎಲ್ಲಾ ಹೋತಾ? ಒಳಗೆ ಒಂದೂ ಉಳ್ದಿಲ್ಲೆನಾ?" ಎಂದು ಕೇಳಿದರು.

ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ತೆಗೆದು ಸುತ್ತಿಕೊಂಡ ಫಿಲ್ಮು ಹಾಳಾಗಿತ್ತು, ನಿಜ. ಕ್ಯಾಮೆರಾದೊಳಗಿನ ರೋಲಿನ ಡಬ್ಬಿಯಲ್ಲಿ ಇನ್ನೂ ಸುತ್ತಿಕೊಂಡೇ ಇದ್ದ ತುದಿ ಬಿಸಿಲು ಕಂಡಿರಲಿಲ್ಲ. ಕೆಲವು ಫೋಟೊಗಳಿಗೆ ಸಾಕಾಗುವಷ್ಟಿತ್ತು. ನಾನು ಮಗುವನ್ನು ತರಲು ಓಡಿದೆ.

ತಿರುಗಿ ಬರುವಷ್ಟರಲ್ಲಿ ಬೆಟ್ಟದಿಂದ ಮಂಜು ಇಳಿಯುತ್ತಿತ್ತು. ಬಿಸಿಲು ಹೋಗಿ ಅಂಗಳ ಬೂದಿ ಬಣ್ಣವಾಯಿತು. ಕಿಂಡಿಯನ್ನು ಪೂರ್ತಿ ದೊಡ್ಡದು ಮಾಡಿದೆ, ವೇಗವನ್ನು ಇಳಿಸಿದೆ. ವೇಗ ಇಳಿಸಿದರೆ ಅಲ್ಲಾಡಿದ್ದೆಲ್ಲ ಕದಡುತ್ತದೆ. ಕಿಂಡಿ ದೊಡ್ಡದಾದರೆ ದೂರ ಗೇಣು ತಪ್ಪಿದರೂ ಮುಖ ಮಸುಕು. ಮಗುವಾದರೋ ಮೈ ಒದ್ದೆ, ಹಸಿವು, ಕೆಮ್ಮು. ಕಂಬದ ಹತ್ತಿರ ನಿಲ್ಲಿಸಿದರೆ ಕುಸಿಯುತ್ತಾಳೆ, ಕೂರಿಸಿದರೆ ತೆವಳುತ್ತಾಳೆ. ಒತ್ತುವಾಗ ಕ್ಯಾಮೆರಾ ಅಲ್ಲಾಡಿ ಒಂದು ಫೋಟೊ ವ್ಯರ್ಥವಾಯಿತು. ಅವಳು ತಲೆ ತಿರುಗಿಸಿ ಇನ್ನೊಂದು ಹೋಯಿತು.

ಮಾವ ಬಂದು ಅವಳ ಹಿಂದೆ ಮಂಡಿಯೂರಿ ಕೂತರು. ಎರಡೂ ಕೈಗಳಿಂದ ಅವಳ ಪಕ್ಕೆ ಹಿಡಿದು ನಿಲ್ಲಿಸಿದರು. ಏನೋ ಗುನುಗಿದರು. ಅವಳು ಕೆಮ್ಮು ನಿಲ್ಲಿಸಿ ಸುಮ್ಮನಾದಳು. ನಾನು ಹಗ್ಗ ಹಿಡಿದು ಅಳೆದೆ, ಬಳೆ ತಿರುಗಿಸಿದೆ, ಮತ್ತೆ ಅಳೆದೆ. ಕ್ಯಾಮೆರಾಕ್ಕೆ ಕಣ್ಣಿಟ್ಟಾಗ ಮಗುವಿನ ಮುಖವನ್ನು ಬಿಟ್ಟು ಬೇರೆ ಏನನ್ನೂ ನಾನು ನೋಡಲಿಲ್ಲ. ಉಸಿರು ಕಟ್ಟಿ ಒತ್ತಿದೆ. ಮತ್ತೊಂದು ಒತ್ತಲು ಸುತ್ತುವ ಕಡ್ಡಿ ತಿರುಗಿಸಿದರೆ ಅದು ಬಿಗಿಯಾಗಿ ನಿಂತುಹೋಯಿತು. ರೋಲು ಮುಗಿದಿತ್ತು.

ಅಂಗಳದಲ್ಲೇ ಕೂತು ಫಿಲ್ಮನ್ನು ಡಬ್ಬಿಯೊಳಕ್ಕೆ ಹಿಂದಕ್ಕೆ ಸುತ್ತಿದೆ. ಮಾವ ದೂರ ಸರಿದು, ಕೈಗಳನ್ನು ಹೆಗಲ ಬಟ್ಟೆಯೊಳಗೆ ಸುತ್ತಿಕೊಂಡು ನಿಂತಿದ್ದರು. ಆ ರಾತ್ರಿ ಅವರು ಉಣ್ಣಲು ಬರಲಿಲ್ಲ. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಡಬ್ಬಿಯನ್ನು ಎತ್ತಿಕೊಂಡು ತಾವೇ ಬಸ್ಸಿಗೆ ಹೋಗಿದ್ದರು. ಸ್ಟುಡಿಯೋದವರು ಕತ್ತಲ ಕೋಣೆಯಿಂದ ಹೊರಗೆ ಬರುವವರೆಗೂ ಅದರ ಬಾಗಿಲ ಮುಂದೆ ಒಬ್ಬರನ್ನೂ ಸುಳಿಯಲು ಬಿಡದೆ ನಿಂತಿದ್ದರಂತೆ. ಇದನ್ನು ಹೇಳಿದವರು ಸ್ಟುಡಿಯೋದವರೇ.

ಒಂದು ಫೋಟೊ ಬಂತು. ಒಂದೇ. ಮಗಳ ಮುಖ ಸ್ಪಷ್ಟವಾಗಿತ್ತು, ಕಣ್ಣ ರೆಪ್ಪೆಯೂ ಕಾಣುತ್ತಿತ್ತು. ಮಾವನ ತಲೆ ನನ್ನ ಅವಸರದಲ್ಲಿ ಕತ್ತರಿಸಿ ಹೋಗಿತ್ತು. ಅವರ ಕೈಗಳು ಮಾತ್ರ ಬಂದಿದ್ದವು, ಅವೂ ಮಸುಕು ಮಸುಕಾಗಿ. ದೂರದ ಬಳೆಯ ತಪ್ಪು ಎಂದುಕೊಂಡೆ. ಮಾವ ಫೋಟೊವನ್ನು ವಿರಾಜಪೇಟೆಯಲ್ಲೇ ಟಪಾಲಿಗೆ ಹಾಕಿ, ಇನ್ನೊಂದು ಪ್ರತಿಯನ್ನು ಮನೆಗೆ ತಂದಿದ್ದರು.

ಆಮೇಲೆ ಗಡಿಯಲ್ಲಿ ಯುದ್ಧವೇ ಆಯಿತು. ಕಾಗದಗಳು ನಿಂತವು. ಪ್ರತಿದಿನ ಟಪಾಲಿನವನು ಬರುವ ಹೊತ್ತಿಗೆ ನಾನು ಒಳಗೆ ಹೋಗಿ ಏನಾದರೊಂದು ಪಾತ್ರೆ ತಿಕ್ಕುತ್ತಿದ್ದೆ, ಮಾವ ಅಂಗಳದಲ್ಲಿ ನಿಲ್ಲುತ್ತಿದ್ದರು. ನಾವಿಬ್ಬರೂ ಮಗುವಿನ ಮೂಲಕವೂ ಮಾತಾಡುತ್ತಿರಲಿಲ್ಲ. ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಲು ಶುರುವಾದ ಮೇಲೆ ಒಂದು ದಿನ ಗಂಡನ ಕಾಗದ ಬಂತು. ಬರೆದು ಎಷ್ಟೋ ದಿನವಾಗಿದ್ದ ಕಾಗದ, ಮೇಲಕ್ಕೆ ಹೊರಡುವ ಮೊದಲು ಬರೆದದ್ದು. ಮಾವ ಜಗಲಿಯಲ್ಲಿ ಕೂತು, ಓದು ಎಂದು ಕೈಯಲ್ಲೇ ಸನ್ನೆ ಮಾಡಿದರು.

ಕೂಸಿನ ಫೋಟೊ ಸಿಕ್ಕಿತು, ಅಂಗಿ ಜೇಬಿನಲ್ಲಿಟ್ಟುಕೊಂಡಿದ್ದೇನೆ ಎಂದು ಬರೆದಿದ್ದರು. ಅದನ್ನು ಗಟ್ಟಿಯಾಗಿ ಓದಿದೆ. ಅದರ ಕೆಳಗಿನ ಸಾಲನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಹಿಂದೆ ಕಾಣುವ ಕೈ ಅಪ್ಪನದು ಎಂದು ನೋಡಿದ ಕೂಡಲೇ ಗೊತ್ತಾಯಿತು, ಕೂಸು ಅಲ್ಲಾಡಿಲ್ಲ, ಕಂಬ ಅಲ್ಲಾಡಿಲ್ಲ, ಆ ಕೈ ಮಾತ್ರ ಅಲ್ಲಾಡಿದೆ, ಅಪ್ಪನ ಕೈ ನಡುಗಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ, ಅವರಿಗೆ ಹುಷಾರಿಲ್ಲವೇ, ಮುಚ್ಚಿಡದೆ ಬರಿ, ಎಂದಿತ್ತು.

ಹಾರಿಸಿ ಓದಬಹುದಿತ್ತು. ಒಮ್ಮೆ ಒಂದು ಸಾಲು ಮುಚ್ಚಿಟ್ಟು ಆದದ್ದು ಸಾಕು ಎನಿಸಿತು. ಓದಿದೆ.

ಮಾವ ತಮ್ಮ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟು ನೋಡಿಕೊಂಡರು. ಮಗಳು ಅವರ ಪಂಚೆ ಹಿಡಿದು ಎದ್ದು ನಿಂತಿದ್ದಳು. ಅವಳ ಕಡೆಗೆ ತಿರುಗದೆ ಅವರು ನನ್ನನ್ನೇ ನೋಡಿ ಹೇಳಿದರು.

"ಕಾಯಿಲೆ ಅಲ್ಲ ಅಂತ ಬರಿ. ಕೋವಿ ಹಿಡ್ದಾಗ ಈ ಕೈಗೆ ಯಾವತ್ತೂ ಹೆದ್ರಿಕೆ ಇತ್ತಿಲ್ಲೆ. ಆ ದಿನ ಅವನ ಕೂಸ್ನ ಹಿಡ್ಕಂಡಾಗ, ಅಂವ ಇವಳ ನೋಡ್ದೇ ಹೋದರೆ ಅಂತ ಹೆದ್ರಿಕೆ ಬಾತ್. ಹಂಗೆ ಬರಿ. ಅವಂಗೆ ಹೇಳ್ಲಿಕೆ ನಂಗೆ ನಾಚಿಕೆ ಇಲ್ಲೆ."

ಅವರು ಹೇಳಿದ ಹಾಗೆಯೇ, ಅವರ ಮಾತಿನಲ್ಲೇ ಬರೆದು, ಹಳೆಯ ವಿಳಾಸಕ್ಕೇ ಕಳಿಸಿದೆ. ಆ ಕಾಗದ ಗಂಡನಿಗೆ ಮುಟ್ಟಿತ್ತೆಂದು ನಮಗೆ ತಿಳಿದದ್ದು ಅವರು ಮನೆಗೆ ಬಂದ ಮೇಲೆ. ಅಂಗಳಕ್ಕೆ ಕಾಲಿಟ್ಟವರು ಕೈಚಾಚಿ ನಿಂತ ಮಗಳನ್ನು ದಾಟಿ ಮೊದಲು ಮಾವನ ಹತ್ತಿರ ಹೋಗಿ ಅವರ ಎರಡೂ ಕೈಗಳನ್ನು ಹಿಡಿದುಕೊಂಡರು.